ಗೆರೆಯಕ್ಕ ಕಟ್ಟಿಸಿದ ಗೋಡೆ

ಯಾರ ಮನೆಗೆ ಹೋದರೂ ಗೆರೆಯಕ್ಕನಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕೈಗೆ ಕೊಟ್ಟ ಲೋಟ ಹಿಡಿದುಕೊಂಡೇ ಎದ್ದು, ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು, "ಇದು ಭಾರ ಹೊರೋ ಗೋಡೆ ಅಲ್ಲ, ತೆಗೆದ್ರೂ ಏನೂ ಆಗಲ್ಲ," ಎಂದುಬಿಡುತ್ತಿದ್ದಳು. ಒಮ್ಮೆ ನೆಂಟರ ಮನೆಯಲ್ಲಿ ಹೀಗಂದಾಗ ಆ ಮನೆಯ ಸೊಸೆ ಗಾಬರಿಬಿದ್ದು, "ಬೇಡಕ್ಕ, ಅದೊಂದು ಗೋಡೆ ಇರೋದಕ್ಕೇ ನಾನೂ ನಮ್ಮತ್ತೇನೂ ಚೆನ್ನಾಗಿರೋದು," ಎಂದಳು. ಎಲ್ಲರೂ ನಕ್ಕರು. ಗೆರೆಯಕ್ಕ ಮಾತ್ರ ನಗದೆ, ಆಗಲೇ ಕಿಟಕಿಯತ್ತ ನಡೆದಿದ್ದಳು.

ಅವಳ ಕಸುಬು ಅಂಥದು. ಕಟ್ಟಡಗಳ ನಕ್ಷೆ ಬರೆದುಕೊಡುವ ಕಚೇರಿಯೊಂದರಲ್ಲಿ ಮದುವೆಗೆ ಮುಂಚಿನಿಂದಲೂ ಕೆಲಸ. ಆಚೆಯದು ಕಾಣುವಂಥ ತೆಳು ಟ್ರೇಸಿಂಗ್ ಹಾಳೆಯ ಮೇಲೆ ಅವಳು ಇಂಕಿನಲ್ಲಿ ಎಳೆದ ಗೆರೆ ಕೂದಲೆಳೆಯಷ್ಟೂ ಅಲುಗುತ್ತಿರಲಿಲ್ಲ. ಹೆಸರು ಬಂದದ್ದು ಹಾಗೆ. ಗೆರೆ ಎಷ್ಟು ನಿಶ್ಚಲವೋ ಎಳೆಯುವವಳು ಅಷ್ಟೇ ಚಂಚಲ. ಮೇಜಿನ ಕೆಳಗೆ ಕಾಲು ಸದಾ ಕುಣಿಯುತ್ತಿತ್ತು. "ಏನಮ್ಮ, ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀಯಾ?" ಎಂದು ಕಚೇರಿಯ ಸಾಹೇಬರು ರೇಗಿಸುತ್ತಿದ್ದರು.

ಆ ಕಾಲದಲ್ಲಿ ಮನೆ ಕಟ್ಟಿಸುವವರು ಬಂದು ಕೇಳುತ್ತಿದ್ದುದೆಲ್ಲ ಕೋಣೆಗಳನ್ನೇ. "ನಾವು ಒಂದೇ ಹಜಾರದಲ್ಲಿ ಸಾಲಾಗಿ ಮಲಗಿ ಬೆಳೆದ್ವಿ ಸಾರ್, ನಮ್ಮ ಮಕ್ಕಳಿಗಾದ್ರೂ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು ಇರಲಿ," ಎನ್ನುವರು. ಗೆರೆಯಕ್ಕ ಹಜಾರವನ್ನು ಸೀಳಿ ಸೀಳಿ ಕೋಣೆ ಮಾಡಿಕೊಡುವಳು. ಜಾಗ ಸಾಲದಾದಾಗ ಮೊದಲು ಹೋಗುತ್ತಿದ್ದುದು ಉಗ್ರಾಣ. "ಬೀದಿ ಕೊನೇಲೇ ಅಂಗಡಿ ಇರುವಾಗ ವರ್ಷದ ಕಾಳು ಯಾಕೆ ತುಂಬಿಡ್ಬೇಕು? ಅಳಿಸಮ್ಮ," ಎಂದು ಸಾಹೇಬರು ಹೇಳುವರು. ಅವಳು ಉಗ್ರಾಣ ಅಳಿಸಿ ಅಲ್ಲಿ ಸ್ನಾನದ ಮನೆ ಬರೆಯುವಳು. ಇಡೀ ವರ್ಷವನ್ನು ಮನೆಯೊಳಗೆ ತುಂಬಿಟ್ಟುಕೊಳ್ಳುತ್ತಿದ್ದ ಜನ ಈಗ ಒಂದು ವಾರವನ್ನಷ್ಟೇ ಡಬ್ಬಿಯಲ್ಲಿಡುತ್ತಾರೆ ಎಂದು ರಬ್ಬರಿನ ಪುಡಿ ಊದುವಾಗ ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದು ಅಲ್ಲೇ ಹಾರಿಹೋಗುತ್ತಿತ್ತು. ಮುಂದಿನ ಹಾಳೆ ಕಾದಿರುತ್ತಿತ್ತು.

ಊರಿಗೆಲ್ಲ ಕೋಣೆ ಬರೆದುಕೊಡುವವಳ ಸ್ವಂತ ಮನೆಯಲ್ಲಿ ಒಂದೇ ಹಜಾರ, ಅದರ ಪಕ್ಕಕ್ಕೆ ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಹಿತ್ತಲು. ಆ ಒಂದು ಹಜಾರದಲ್ಲಿ ಎಷ್ಟು ಬಗೆಯ ಹೊತ್ತು! ಗಂಡನಿಗೆ ಬಟ್ಟೆ ಗಿರಣಿಯಲ್ಲಿ ಕೆಲಸ. ಪಾಳಿ ಬದಲಾದಂತೆ ಅವನ ಹಗಲು ರಾತ್ರಿಗಳೂ ಬದಲಾಗುತ್ತಿದ್ದವು. ಮೈದುನ ಬಸ್ ಡ್ರೈವರ್. ಕೋಳಿ ಕೂಗುವ ಮೊದಲೇ ಹೊರಡುವವನು. ಮಗಳದು ಶಾಲೆಯ ಗಂಟೆ. ಅತ್ತೆಗೆ ಇವು ಯಾವುದೂ ಬೇಡ. ದಕ್ಷಿಣದ ಉದ್ದ ಕಿಟಕಿಯಿಂದ ಬಿಸಿಲಿನ ಪಟ್ಟೆಯೊಂದು ಹಜಾರದ ನೆಲದ ಮೇಲೆ ದಿನವೆಲ್ಲ ತೆವಳುತ್ತಿತ್ತು. ಅದು ಬೀರುವಿನ ಕಾಲು ಬಿಟ್ಟಿತೆಂದರೆ ಅತ್ತೆ ಒಲೆ ಹಚ್ಚುವರು. ನಡುಗಂಬ ದಾಟಿತೆಂದರೆ ಮೊಮ್ಮಗಳನ್ನು ಕರೆತರಲು ಚಪ್ಪಲಿ ಮೆಟ್ಟುವರು. ಒಂದು ದಿನವೂ ತಪ್ಪಿದ್ದಿಲ್ಲ.

ರಾತ್ರಿಪಾಳಿ ಮುಗಿಸಿ ಬಂದ ಗಂಡ ಹಜಾರದ ಮೂಲೆಯಲ್ಲಿ ಮುಖದ ಮೇಲೆ ಪಂಚೆ ಹೊದ್ದು ಮಲಗುತ್ತಿದ್ದ. ಮನೆಯವರೆಲ್ಲ ಪಿಸುಮಾತಿನಲ್ಲಿ ಬದುಕುವುದನ್ನು ಕಲಿತಿದ್ದರು. ಆದರೂ ಪಾತ್ರೆ ಬೀಳುತ್ತದೆ, ಮಗು ಅಳುತ್ತದೆ, ಬಂದವರಿಗೆ ಬಾಗಿಲು ತೆರೆಯಬೇಕು. ಹೀಗೆ ನಿದ್ದೆಗೆಟ್ಟವನು ಒಂದು ದಿನ ಗಿರಣಿಯಲ್ಲಿ ನಿಂತಲ್ಲೇ ತೂಕಡಿಸಿ, ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ. ಉಂಗುರದ ಬೆರಳಿನ ತುದಿ ಹೋಯಿತು. "ಬೀಸೋ ದೊಣ್ಣೆ ತಪ್ಪಿತು ಅನ್ಕೋ," ಎಂದು ಅವನು ಬ್ಯಾಂಡೇಜು ಸುತ್ತಿದ ಕೈ ಎತ್ತಿ ನಗಲು ನೋಡಿದ. ಗೆರೆಯಕ್ಕ ಹಜಾರದ ಉದ್ದಗಲ ನಡೆಯತೊಡಗಿದಳು. ಅಳತೆ ಟೇಪು ಆಗಲೇ ಕೈಗೆ ಬಂದಿತ್ತು.

"ಇಲ್ಲೊಂದು ಗೋಡೆ ಬರ್ಬೇಕು ರೀ. ನಿಮಗೆ ಹಗಲಲ್ಲೂ ರಾತ್ರಿ ಇರೋ ಒಂದು ಕೋಣೆ."

"ಗೋಡೆ ಎದ್ದರೆ ಮನೆ ಒಡೀತು ಅಂತಾರೆ ಕಣೇ. ಅಮ್ಮ ಒಪ್ಪಲ್ಲ. ತಮ್ಮ ಏನಂದ್ಕೋತಾನೋ."

"ಬೆರಳು ಹೋಯ್ತು. ಕೈ ಹೋಗೋವರೆಗೂ ಕಾಯೋಣ್ವಾ?"

ಅತ್ತೆ ತಮ್ಮ ಮಗಳ ಮನೆಗೆ ಹೋಗಿದ್ದ ಸಮಯ ನೋಡಿ ಗೆರೆಯಕ್ಕ ಇಟ್ಟಿಗೆ ಇಳಿಸಿದಳು. ಬೀದಿ ಬಾಗಿಲೂ ಅಡುಗೆಮನೆಯ ಬಾಗಿಲೂ ಇದ್ದ ಕಡೆ ಕೋಣೆ ಮಾಡುವಂತಿರಲಿಲ್ಲ. ಮಾಡಿದರೆ ಕಿಟಕಿಯ ಕಡೆಯೇ ಆಗಬೇಕು. ಕಿಟಕಿ ಒಳಗೆ ಸೇರಿತು. ಅದಕ್ಕೆ ದಪ್ಪ ಹಲಗೆ ಬಡಿಸಿದಳು. ಆ ವಾರ ಗಂಡ ಗೊರಕೆ ಹೊಡೆದು ನಿದ್ದೆ ಮಾಡಿದ. ಬಾಗಿಲ ಹೊರಗೆ ನಿಂತು ಆ ಗೊರಕೆ ಕೇಳಿದ ಗೆರೆಯಕ್ಕನಿಗೆ ತಾನು ಬರೆದ ಯಾವ ಬಂಗಲೆಯೂ ಕೊಡದ ಹೆಮ್ಮೆ.

ಹೆಮ್ಮೆ ಬಹಳ ದಿನ ಉಳಿಯಲಿಲ್ಲ. ದೂರದ ಮಾರ್ಗದಲ್ಲಿದ್ದ ಮೈದುನ ಮನೆಗೆ ಬಂದ. ತಾನು ಹಾಸಿಗೆ ಬಿಡಿಸುತ್ತಿದ್ದ ಜಾಗದಲ್ಲಿ ಹಸಿ ಗಾರೆಯ ಗೋಡೆ ನಿಂತಿತ್ತು. ಅವನು ಅದನ್ನು ಅಂಗೈಯಿಂದ ಸವರಿ, "ಒಂದು ಮಾತು ಹೇಳಿದ್ರೆ ನಾನೇ ಇಟ್ಟಿಗೆ ಹೊರ್ತಿದ್ದೆನಲ್ಲ ಅತ್ತಿಗೆ," ಎಂದ. ಜಗಳವಾಡಿದ್ದರೆ ಆಗುತ್ತಿತ್ತು. ಆ ತಿಂಗಳೇ ಬಸ್ ಡಿಪೋ ಹತ್ತಿರ ಬಾಡಿಗೆ ಕೋಣೆ ಹಿಡಿದ. "ಬೆಳಗ್ಗೆ ಬೇಗ ಹೋಗೋಕೆ ಅನುಕೂಲ," ಎಂದನಷ್ಟೆ.

ಅತ್ತೆ ಬಂದವರು ಗೋಡೆಯನ್ನೊಮ್ಮೆ ನೋಡಿ ನೇರ ಒಲೆಯ ಕಡೆ ನಡೆದರು. ಮನೆಯೊಳಗೆ ಹಗಲಲ್ಲೂ ದೀಪ ಉರಿಯತೊಡಗಿತು. ಅತ್ತೆ ಅಡುಗೆಮನೆಗೂ ಹಜಾರಕ್ಕೂ ಓಡಾಡುವರು, ನೆಲ ನೋಡುವರು, "ಹೊತ್ತೆಷ್ಟಾಯ್ತೇ?" ಎನ್ನುವರು. ಗೆರೆಯಕ್ಕ ದೊಡ್ಡ ಗಡಿಯಾರ ತಂದು ಹೊಸ ಗೋಡೆಗೇ ಹೊಡೆದಳು. ಅದನ್ನು ಓದಲು ಅತ್ತೆಗೆ ಬಾರದು, ಕಲಿಸಹೋದರೆ, "ಮುಳ್ಳು ನೋಡಿ ಹಸಿವು ಮಾಡ್ಕೊಳ್ಲಾ?" ಎಂದು ಮುಖ ತಿರುಗಿಸಿದರು. ಅನ್ನ ಒಂದು ದಿನ ಬೇಗ ಆಗುತ್ತಿತ್ತು, ಒಂದು ದಿನ ತಡ.

ಒಂದು ದಿನ ಶಾಲೆಯ ಕಾವಲುಗಾರ ಕಚೇರಿಗೆ ಫೋನು ಮಾಡಿದ. "ನಿಮ್ಮತ್ತೆ ಇಲ್ಲಿ ಬಂದು ಕೂತಿದಾರೆ. ಎದ್ದೇಳಿ ಅಂದ್ರೆ ಏಳ್ತಿಲ್ಲ."

ಗೆರೆಯಕ್ಕ ಪೆನ್ನಿನ ಮುಚ್ಚಳ ಹಾಕುವುದನ್ನೂ ಮರೆತು ಓಡಿದಳು. ಇನ್ನೂ ಬೆಳಗಿನ ಪಾಠವೇ ಮುಗಿದಿರಲಿಲ್ಲ. ಗೇಟಿನ ಬಳಿಯ ಮೆಟ್ಟಿಲ ಮೇಲೆ, ತಲೆಗೆ ಸೆರಗು ಹೊದ್ದು, ಅತ್ತೆ ಕೂತಿದ್ದರು.

"ಅತ್ತೆ, ಶಾಲೆ ಬಿಡೋದು ಸಂಜೆ. ಇಷ್ಟು ಬೇಗ ಯಾಕೆ ಬಂದ್ರಿ?"

"ಸಂಜೆಯಾಯ್ತು ಅನ್ನಿಸ್ತು, ಬಂದೆ. ಇಲ್ಲಿ ಬಂದು ನೋಡಿದ್ರೆ ಸೂರ್ಯ ಅಲ್ಲೇ ಇದಾನೆ."

"ಮತ್ತೆ ಮನೆಗೆ ವಾಪಸ್ ಬರಬಾರದಿತ್ತಾ?"

ಅತ್ತೆ ಸೊಸೆಯ ಮುಖವನ್ನೇ ನೋಡಿದರು. "ನಿನ್ನ ಗಂಡನಿಗೆ ರಾತ್ರಿ ಕಟ್ಟಿಸಿಕೊಟ್ಟೆ. ಒಳ್ಳೇದೇ ಮಾಡ್ದೆ, ನಾನೇನೂ ಅನ್ನಲ್ಲ. ನನ್ನ ಹಗಲು ಎಲ್ಲಿಟ್ಟೆ ಹೇಳು. ಇಲ್ಲಾದ್ರೂ ಇದೆಯಲ್ಲ, ಇಲ್ಲೇ ಕೂತಿರ್ತೀನಿ."

ಕಾವಲುಗಾರ ಬೇರೆ ಕಡೆ ನೋಡುತ್ತ ನಿಂತ. ಗೆರೆಯಕ್ಕ ಅತ್ತೆಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕೂತಳು. ಎದ್ದು ಓಡಾಡಬೇಕೆಂದು ಕಾಲು ಎಳೆಯುತ್ತಿತ್ತು. ಕೈಯಿಂದ ಮಂಡಿ ಒತ್ತಿ ಹಿಡಿದು, ಶಾಲೆ ಬಿಡುವವರೆಗೂ ಅಲ್ಲೇ ಇದ್ದಳು. ಕಚೇರಿಯಲ್ಲಿ ಮರುದಿನ ಸಾಹೇಬರ ಬೈಗುಳವೂ ಬಿತ್ತು.

ಗೋಡೆ ಒಡೆಯುವಂತಿಲ್ಲ, ಉಳಿಸುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ತನ್ನ ಮನೆಯನ್ನೇ ಹಾಳೆಯ ಮೇಲೆ ಹಾಕಿಕೊಂಡು ಎಷ್ಟೋ ಸಲ ಬರೆದು ಅಳಿಸಿದಳು. ಕೊನೆಗೆ ಗೋಡೆಯ ನೆತ್ತಿಯಲ್ಲಿ ಗಾಜಿನ ಕಿಂಡಿಯೊಂದನ್ನು ಕೊರೆಸಿ, ಕಿಟಕಿಯ ಮೇಲುಹಲಗೆ ತೆಗೆಸಿದಳು. ಹಜಾರಕ್ಕೆ ಬೆಳಕೇನೋ ಬಂತು. ಅತ್ತೆ ಅದನ್ನು ಸ್ವಲ್ಪ ಹೊತ್ತು ನೋಡಿ, "ಇದು ಬೇರೆ ಯಾರದೋ ಮನೆ ಬೆಳಕು ಕಣೇ," ಎಂದರು. ಮಲಗಿದ ಗಂಡ ಕಣ್ಣಿಗೆ ಚುಚ್ಚುತ್ತದೆಂದು ಅದಕ್ಕೆ ಹಳೆಯ ರಗ್ಗು ಕಟ್ಟಿದ. ಗೆರೆಯಕ್ಕ ರಗ್ಗು ಕೀಳುವಳು, ಅವನು ಕಟ್ಟುವನು. ಗಂಡ ಹೆಂಡಿರ ನಡುವೆ ಹೀಗೂ ಒಂದು ಪಾಳಿ ಶುರುವಾಯಿತು.

ಅತ್ತೆ ಮಾತ್ರ ಯಾರನ್ನೂ ಕೇಳದೆ ಒಂದು ಬೆಳಗ್ಗೆ ತಮ್ಮ ಚಾಪೆ, ತರಕಾರಿ ಬುಟ್ಟಿ, ಈಳಿಗೆಮಣೆ ಎತ್ತಿಕೊಂಡು ಹಿತ್ತಲಿಗೆ ನಡೆದರು. ಒಗೆಯುವ ಕಲ್ಲಿಗೆ ಒರಗಿ ಕೂತರು. ಪಕ್ಕದ ಮನೆಯ ಹೆಂಗಸರು ಬೇಲಿಗೆ ಬಂದು ನಿಂತರು, ಆಮೇಲೆ ಬೇಲಿ ದಾಟಿ ಬಂದು ಕೂತರು. ಮಗಳು ಅಲ್ಲೇ ಪಾಠ ಓದಿದಳು. ರಜೆಯಿದ್ದಾಗ ಮೈದುನನೂ ಬೀದಿ ಬಾಗಿಲು ಬಿಟ್ಟು ಹಿತ್ತಲ ಕಡೆಯಿಂದಲೇ ಬರತೊಡಗಿದ. ನಕ್ಷೆಯಲ್ಲಿ ಹಜಾರವೆಂದು ಬರೆದದ್ದು ಖಾಲಿ ಬಿದ್ದಿತು; ಏನೂ ಬರೆಯದೆ ಬಿಟ್ಟ ಜಾಗದಲ್ಲಿ ಸಂಸಾರ ಸಾಗಿತು. ಗೆರೆಯಕ್ಕನಿಗೆ ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ತನ್ನನ್ನು ಕೇಳದೆ ತನ್ನ ಮನೆ ಎದ್ದು ನಡೆದುಹೋಯಿತಲ್ಲ ಎಂಬ ಕಿರಿಕಿರಿ ಒಳಗೊಳಗೇ ಕೊರೆಯುತ್ತಿತ್ತು. ತಗಡಿನ ಚಾವಣಿಯೊಂದನ್ನು ಮಾತ್ರ ಹಾಕಿಸಿಕೊಟ್ಟಳು. ಅದರಲ್ಲೂ ಬಿಸಿಲು ಬೀಳಲೆಂದು ಒಂದು ಪಟ್ಟಿ ಬಿಡಿಸಿದಳು.

ಅತ್ತೆ ತೀರಿಕೊಂಡ ಮೇಲೆ ಗಿರಣಿ ಮುಚ್ಚಿತು. ಹಗಲು ಮಲಗುವ ಕೆಲಸ ತಪ್ಪಿದ ಗಂಡನಿಗೆ ರಾತ್ರಿ ನಿದ್ದೆ ಹತ್ತಲೊಲ್ಲದು. ಕಚೇರಿಯೂ ಬದಲಾಯಿತು. ಸಾಹೇಬರ ಜಾಗಕ್ಕೆ ಅವರ ಮಗಳು ಬಂದಳು. ಚುರುಕು ಹೆಣ್ಣು, ಗೆರೆಯಕ್ಕನನ್ನು ಕಂಡರೆ ಗೌರವವೂ ಇತ್ತು. ಇಂಕು ಹೋಗಿ ಕಂಪ್ಯೂಟರು ಬಂತು. ಗೆರೆಯಕ್ಕ ಅದನ್ನೂ ಕಲಿತಳು. ಈಗ ಮನೆ ಕಟ್ಟಿಸುವವರು ಗೋಡೆ ಬೇಡವೆನ್ನತೊಡಗಿದರು. ಅಡುಗೆಮನೆ, ಊಟದ ಮನೆ, ಹಜಾರ ಎಲ್ಲ ಒಂದೇ ಬಯಲು. ಹಿಂದೆ ತಾನು ಬರೆದ ಕೋಣೆಗಳನ್ನು, ಕೇಳಿ ಬರೆಸಿದವರ ಮಕ್ಕಳಿಗಾಗಿ ತಾನೇ ಅಳಿಸಿಕೊಡುವ ಕೆಲಸ ಅವಳ ಪಾಲಿಗೆ ಬಂತು. ಬಯಲಿನ ಗಾಳಿ ಕಚೇರಿಗೂ ಬೀಸಿತು. ಯಾರಿಗೂ ಇಂಥದೇ ಮೇಜು ಎಂದಿಲ್ಲ. ಬಂದವರು ಬಂದಂತೆ ಖಾಲಿ ಇದ್ದಲ್ಲಿ ಕೂರಬೇಕು.

"ಇದರಿಂದ ಎಲ್ಲರೂ ಎಲ್ಲರ ಜೊತೆ ಬೆರೀತಾರೆ ಆಂಟಿ," ಎಂದಳು ಹೊಸ ಯಜಮಾನಿ.

"ಬೆರೆಯೋದು ಸರಿಯಮ್ಮ. ಚಪ್ಪಲಿ ಎಲ್ಲಿ ಬಿಡ್ಲಿ?" ಎಂದಳು ಗೆರೆಯಕ್ಕ.

ನಿಂತಲ್ಲಿ ನಿಲ್ಲದವಳಿಗೆ ಇದು ಹೇಳಿ ಮಾಡಿಸಿದಂತಿರಬೇಕಿತ್ತು. ಆದರೆ ತಾನಾಗಿ ಎದ್ದು ಓಡಾಡುವುದು ಬೇರೆ, ಕೂರಲು ಜಾಗವಿಲ್ಲದೆ ಓಡಾಡುವುದು ಬೇರೆ. ಬಸ್‌ಸ್ಟ್ಯಾಂಡಿನ ಪ್ರಯಾಣಿಕಳಂತೆ ಚೀಲ ಹೆಗಲಿಗೇರಿಸಿ ತಿರುಗಿ ತಿರುಗಿ ಅವಳಿಗೆ ಸಾಕಾಯಿತು. ಒಂದು ಸೋಮವಾರ ಕಿಟಕಿ ಬಳಿ ಯಾರೋ, ಕಂಬದ ಬಳಿ ಯಾರೋ, ಎಲ್ಲ ಕುರ್ಚಿಗಳೂ ತುಂಬಿದ್ದವು. ಅವಳು ಸುತ್ತು ಹಾಕಿ, ಬಾಗಿಲಿಗೇ ಬಂದು, ಹಾಗೇ ಮೆಟ್ಟಿಲಿಳಿದು ಮನೆಗೆ ಬಂದುಬಿಟ್ಟಳು.

"ಯಾಕೇ, ಮೈ ಸರಿ ಇಲ್ವಾ?" ಗಂಡ ಕೇಳಿದ.

"ಮೈ ಸರಿ ಇದೆ. ಇಡೋಕೆ ಜಾಗ ಇರಲಿಲ್ಲ."

ಮತ್ತೆ ಹೋಗಲಿಲ್ಲ. ಹಿತ್ತಲಿನ ತಗಡಿನ ಕೆಳಗೆ ನಕ್ಷೆ ಬರೆಯಲು ಹಳೆಯ ಹಲಗೆ ಹಾಕಿಕೊಂಡಳು. ಮೊದಲು ಬಂದವಳು ಬೀದಿಯಾಚೆಯ ಟೈಲರ್ ಹೆಂಗಸು. ಅವಳ ಮನೆ ಅಂದರೆ ಒಂದೇ ಕೋಣೆ. ಅದರಲ್ಲಿ ಹೊಲಿಗೆ ಯಂತ್ರ, ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ತಂದೆ. "ಎಲ್ಲಾದ್ರೂ ಒಂದು ಗೋಡೆ ಹಾಕ್ಕೊಡಿ ಅಕ್ಕ, ಹುಚ್ಚು ಹಿಡಿಯೋ ಹಾಗಾಗಿದೆ," ಎಂದಳು.

ಗೆರೆಯಕ್ಕ ಟೇಪು ಹಿಡಿದು ಎದ್ದವಳು ಮತ್ತೆ ಕೂತಳು. "ಗೋಡೆ ಆಮೇಲೆ. ಯಾವ ಹೊತ್ತಿಗೆ ಯಾರು ಎಲ್ಲಿರ್ತಾರೆ, ಅದನ್ನ ಹೇಳು ಮೊದಲು."

ಬೆಳಗಿನ ಕೋಣೆಯನ್ನು ಒಂದು ಟ್ರೇಸಿಂಗ್ ಹಾಳೆಯ ಮೇಲೆ ಬರೆದಳು. ಮಧ್ಯಾಹ್ನದ್ದನ್ನು ಇನ್ನೊಂದರ ಮೇಲೆ, ಮಕ್ಕಳು ಬಂದ ಮೇಲಿನದನ್ನು ಮತ್ತೊಂದರ ಮೇಲೆ. ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದಾಗ ಎಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ಕಪ್ಪಾಗಿದ್ದವೋ ಅಲ್ಲೇ ಜಗಳ ಎಂಬುದು ಟೈಲರ್‌ಗೂ ಕಂಡಿತು. ಗೋಡೆ ಬೇಕಾಗಲಿಲ್ಲ. ಮಡಚುವ ಹಲಗೆಯೊಂದು, ಮೇಲಕ್ಕೆತ್ತಿಟ್ಟ ಕಪಾಟು, ಮಧ್ಯಾಹ್ನ ಒಮ್ಮೆ ಸರಿಯುವ ಗಾಲಿಯ ಮಂಚ, ಇಷ್ಟಾದರೆ ಸಾಕಿತ್ತು. ಹೊಲಿಗೆಯ ಜೊತೆಗೆ ಬಾಯಿಯೂ ಇದ್ದ ಟೈಲರ್ ಈ ಸುದ್ದಿಯನ್ನು ಕೇರಿಗೆಲ್ಲ ಹೊಲಿದಳು. ಒಂದೊಂದೇ ಕೋಣೆಯವರು, ಅರ್ಧ ಕೋಣೆಯವರು ಹುಡುಕಿಕೊಂಡು ಬಂದರು. ರಾತ್ರಿಯೆಲ್ಲ ದೂರದೇಶದ ಗಿರಾಕಿಗಳ ಫೋನಿಗೆ ಉತ್ತರಿಸುವ ಕೆಲಸ ಹಿಡಿದು, ಹಗಲೆಲ್ಲ ಗೋಡೆಯಾಚೆಯ ಕತ್ತಲೆಯಲ್ಲಿ ಮಲಗುತ್ತಿದ್ದ ಗೆರೆಯಕ್ಕನ ಮಗಳು ಎದ್ದು ಬಂದು, "ಮನೆಗೆ ಮಾರಿ, ಊರಿಗೆ ಉಪಕಾರಿ ಅಂದ್ರೆ ನೀನೇ ಕಣಮ್ಮ," ಎಂದು ಆಕಳಿಸುತ್ತಿದ್ದಳು.

ಮಂಚಕ್ಕೆ ಗಾಲಿ ಹಾಕಿಸಿದ ದಿನ ಗೆರೆಯಕ್ಕ ಟೈಲರ್ ಮನೆಗೆ ಹೋಗಿದ್ದಳು. ಮಧ್ಯಾಹ್ನ ಇಬ್ಬರೂ ಸೇರಿ ಹೊಲಿಗೆ ಯಂತ್ರಕ್ಕೆ ಕಿಟಕಿ ಬಿಟ್ಟುಕೊಡಲೆಂದು ಮಂಚವನ್ನು ಒಳಗಿನ ಮೂಲೆಗೆ ತಳ್ಳಿದ್ದೇ ತಡ, ಮುದುಕ ಕೈಯೆತ್ತಿ ಅಬ್ಬರಿಸಿದ.

"ಎಲ್ಲಿಗೆ ತಳ್ತಿದೀರಿ ನನ್ನ? ಈ ಹೊತ್ತಿಗೇ ಬೀದೀಲಿ ನಾಲ್ಕು ಜನ ಓಡಾಡೋದು. ನಾನು ನೋಡ್ಬೇಕು!"

"ಅಪ್ಪಾ, ಅಕ್ಕ ಎಷ್ಟು ಲೆಕ್ಕ ಹಾಕಿ ಬರೆದಿದಾರೆ—"

"ನನ್ನ ಕೇಳಿದ್ರಾ ನೀವು?"

ಕೇಳಿರಲಿಲ್ಲ. ಗೆರೆಯಕ್ಕ ಅವನ ಮಗಳನ್ನು ಕೇಳಿದ್ದಳು, ಮೊಮ್ಮಕ್ಕಳನ್ನು ಕೇಳಿದ್ದಳು. ಮಲಗಿದವನಿಗೆ ಎಲ್ಲ ಹೊತ್ತೂ ಒಂದೇ ಎಂದುಕೊಂಡಿದ್ದಳು. ಮಂಚವನ್ನು ತಾನೇ ಕಿಟಕಿಗೆ ಎಳೆದು ತಂದಳು. "ತಪ್ಪಾಯ್ತು ಅಜ್ಜ. ಈಗ ಹೇಳಿ. ಬೆಳಗ್ಗೆ ಎದ್ದಾಗ ಏನು ಕಾಣ್ಬೇಕು ನಿಮಗೆ?"

ಮುದುಕ ಇನ್ನೂ ಸಿಟ್ಟಿನಲ್ಲಿದ್ದ. ಆದರೂ ಕೇಳಿದವರಿಗೆ ಹೇಳದಿರಲು ಅವನಿಂದಾಗಲಿಲ್ಲ, ಹಾಲಿನವನಿಂದ ಶುರುಮಾಡಿದ. ಟೈಲರ್ ನಿಟ್ಟುಸಿರುಬಿಟ್ಟು, ಕಿಟಕಿಗೆಂದು ಎತ್ತಿಟ್ಟಿದ್ದ ಹೊಲಿಗೆ ಯಂತ್ರವನ್ನು ಬಾಗಿಲ ಬಳಿಗೆ ಎಳೆದಳು. ಗೆರೆಯಕ್ಕ ಮಂಚದ ಅಂಚಿನಲ್ಲಿ ಅರ್ಧಕ್ಕೆ ಕೂತು, ಕಾಲು ಕುಣಿಸುತ್ತ, ಚೀಲದಿಂದ ಹೊಸ ಹಾಳೆ ತೆಗೆದಳು.