ಮರೆಗುಳಿ ಕಂಪ್ಯೂಟರಿಗೆ ಜಪಾನಿ ಕಲಿಸಿದ್ದು

ಯಾರದಾದರೂ ದನಿ ಕಿವಿಗೆ ಬಿದ್ದರೆ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಇದು ರೋಗವೋ ವಿದ್ಯೆಯೋ ಇನ್ನೂ ತೀರ್ಮಾನವಾಗಿಲ್ಲ. ಕುರುಗೋಡಿನ ಶಾಲೆಯಲ್ಲಿ ಹೆಡ್‌ಮಾಸ್ತರರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮಿ ಒದೆ ತಿಂದವನು ನಾನು. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತೇನೆ. ಮನೆಯನ್ನೆಲ್ಲ ಬಾಡಿಗೆಗೆ ಕೊಟ್ಟು ತಾನು ಜಗಲಿಯಲ್ಲಿ ಮಲಗುವ ಮಾಲೀಕನ ಸ್ಥಿತಿ ನನ್ನ ಗಂಟಲಿನದು.

ಅಂಥ ಮಾಲೀಕರು ಅದಿರಿನ ಗಣಿಗಾರಿಕೆ ಜೋರಾಗಿದ್ದ ಆ ವರ್ಷಗಳಲ್ಲಿ ಬಳ್ಳಾರಿಯ ತುಂಬ ಇದ್ದರು. ಯಾವ ಓಣಿಗೆ ಹೋದರೂ ಮಹಡಿಯ ಮೇಲೊಂದು ಕಂಪನಿ, ಕಂಪನಿಯ ಮುಂದೊಂದು ಹೊಸ ಜೀಪು, ಜೀಪಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಕೆಂಪು ಧೂಳು. ನಾನು ಪಾರ್ವತಿನಗರದಲ್ಲಿ ಖಾಜಾ ಚಾಚಾ ಅವರ ಇಂಟರ್ನೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಲ್ಲಿ ನನ್ನ ನಾಲಿಗೆಗೆ ಹಬ್ಬ. ಅದಿರಿನ ದಲ್ಲಾಳಿಗಳು ಫೋನಿನಲ್ಲಿ ತೆಲುಗಿನಲ್ಲಿ ಶುರುಮಾಡಿ, ಕನ್ನಡದಲ್ಲಿ ಬೈದು, ಉರ್ದುವಿನಲ್ಲಿ ರಾಜಿಯಾಗುತ್ತಿದ್ದರು. ಅವರು ಮೆಟ್ಟಿಲಿಳಿಯುವ ಮೊದಲೇ ನಾನು ಮೂರೂ ಭಾಷೆಯಲ್ಲಿ ಅವರಾಗಿರುತ್ತಿದ್ದೆ.

“ನಿನ್ನ ಬಾಯಾಗ ಬ್ಯಾರೇರ ನಾಲಿಗಿ ಅದಾವಲೇ ಗಾದಿ,” ಎಂದು ಚಾಚಾ ಗದರುತ್ತಿದ್ದರು. ನನ್ನ ಪೂರ್ತಿ ಹೆಸರು ಗಾದಿಲಿಂಗ. ಪೂರ್ತಿ ಕರೆದರೆ ಸಂಬಳ ಹೆಚ್ಚು ಕೇಳುತ್ತಾನೆಂದು ಅವರಿಗೆ ಭಯ.

ಚಾಚಾ ಅವರ ಕಂಪ್ಯೂಟರುಗಳಿಗೊಂದು ವಿಶೇಷವಿತ್ತು. ವೈರಸ್ಸಿನ ಕಾಟಕ್ಕೆ ಬೇಸತ್ತು ಅವರು ಒಂದು ಸಾಫ್ಟ್‌ವೇರ್ ಹಾಕಿಸಿದ್ದರು. ದಿನವಿಡೀ ನೀವು ಏನನ್ನೇ ಇಳಿಸಿ, ಏನನ್ನೇ ಕೆಡಿಸಿ, ಯಂತ್ರ ಒಮ್ಮೆ ಆರಿ ಹೊತ್ತಿತೆಂದರೆ ಎಲ್ಲವೂ ಮಾಯ. ಮೊದಲ ದಿನದ ಹಾಗೆ ನಿರ್ಮಲವಾಗಿ ಎದ್ದು ಕೂರುತ್ತಿತ್ತು. ಚಾಚಾ ಇದನ್ನು ‘ತೋಬಾ ಸಾಫ್ಟ್‌ವೇರ್’ ಎನ್ನುತ್ತಿದ್ದರು. ಮಾಡಿದ ಪಾಪಕ್ಕೆಲ್ಲ ಒಂದೇ ಸಲ ಕೆನ್ನೆ ಬಡಿದುಕೊಂಡು ತೋಬಾ ತೋಬಾ ಎಂದು ಶುದ್ಧವಾಗುವುದು. ಕರೆಂಟು ಹೋಗುವುದಕ್ಕೆ ಹೆಸರಾದ ಊರಿನಲ್ಲಿ ನಮ್ಮ ಯಂತ್ರಗಳಷ್ಟು ಪಶ್ಚಾತ್ತಾಪಪಟ್ಟವರು ಯಾರೂ ಇರಲಿಕ್ಕಿಲ್ಲ.

ಇಂಥ ಅಂಗಡಿಗೆ ಒಂದು ಭಾನುವಾರ ಮಧ್ಯಾಹ್ನ ಒಕಾಡಾ ಎಂಬ ಜಪಾನಿ ಎಂಜಿನಿಯರು ಬಂದರು. ಯಾವುದೋ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದು, ನಮ್ಮ ಹಿಂದಿನ ಓಣಿಯ ಮಹಡಿಯಲ್ಲಿದ್ದವರು. ಬಾಗಿಲಲ್ಲಿ ಸೊಂಟದಿಂದ ಬಾಗಿ ನಮಸ್ಕರಿಸಿದರು. ನಾನೂ ಬಾಗಿದೆ. ಅವರು ಇನ್ನಷ್ಟು ಬಾಗಿದರು. ಅಣಕಿಸುವುದು ಯಾರು, ಗೌರವಿಸುವುದು ಯಾರು ಎಂಬುದು ಇಬ್ಬರಿಗೂ ತಿಳಿಯದೆ ಸ್ವಲ್ಪ ಹೊತ್ತು ಬಾಗಾಟ ನಡೆಯಿತು. ಚಾಚಾ ಒಳಗಿನಿಂದ, “ಏನಲೇ ಕಳಕೊಂಡೀರಿ ಇಬ್ರೂ? ನೆಲದ ಮ್ಯಾಲೆ ಏನ್ ಹುಡುಕಾಕತ್ತೀರಿ?” ಎಂದರು.

ಕಳೆದುಕೊಂಡಿದ್ದು ಒಕಾಡಾ ಸಾಹೇಬರೇ. ಅವರ ಲ್ಯಾಪ್‌ಟಾಪ್ ನಮ್ಮ ಕೆಂಪು ಧೂಳು ಕುಡಿದು ಪ್ರಾಣಬಿಟ್ಟಿತ್ತು. ಕೈಭಾಷೆ, ಇಂಗ್ಲಿಷು ಎರಡನ್ನೂ ಕಲಸಿ ಅವರು ಹೇಳಿದ್ದಿಷ್ಟು: ಊರಲ್ಲಿ ವಯಸ್ಸಾದ ತಂದೆ, ಪೂರ್ತಿ ಕಿವುಡು. ಫೋನು ಮಾಡಿ ಪ್ರಯೋಜನವಿಲ್ಲ. ಮಗ ಬರೆದ ಇ-ಮೇಲನ್ನು ತಮ್ಮ ಮೊಬೈಲಿನಲ್ಲಿ ಓದುವುದೇ ಅವರಿಗೆ ಮಗನ ಜೊತೆ ಮಾತು. ಮರುದಿನ ಬೆಳಿಗ್ಗೆ ಅವರ ಕಣ್ಣಿನ ಆಪರೇಷನ್. ಆಮೇಲೆ ಕೆಲವು ದಿನ ಪಟ್ಟಿ. ಲ್ಯಾಪ್‌ಟಾಪ್ ಸತ್ತಾಗಿನಿಂದ ಮಗನ ಅಕ್ಷರವಿಲ್ಲ. ಕಾರ್ಖಾನೆಯ ಕಂಪ್ಯೂಟರಿನಿಂದ ಇಂಗ್ಲಿಷ್ ಅಕ್ಷರದಲ್ಲಿ ಜಪಾನಿ ಬರೆದು ಕಳಿಸಿದರೆ, ಯಾವುದೋ ಪರದೇಶದ ಜಾಹೀರಾತೆಂದು ಮುದುಕ ಅಳಿಸಿಹಾಕಿದರಂತೆ. ಇದನ್ನು ಫೋನಿನಲ್ಲಿ ತಿಳಿಸಿದ್ದು ತಂಗಿ. ಅವಳೇ ಒಂದು ಚೀಟಿಯಲ್ಲಿ ‘ಅಣ್ಣ ಕ್ಷೇಮ’ ಎಂದು ಬರೆದು ತೋರಿಸಿದರೆ, “ಇದು ನಿನ್ನ ಬರಹ, ಅವನದಲ್ಲ” ಎಂದು ಚೀಟಿ ಅತ್ತ ಸರಿಸಿದರಂತೆ.

ನಾನು ಅಂಗಿಯ ತೋಳು ಮಡಿಸಿದೆ. ಡಿಟಿಪಿ ಕಲಿತ ಬಳ್ಳಾರಿಯ ಹುಡುಗರಿಗೆ ಒಂದು ಅಚಲ ನಂಬಿಕೆ ಇತ್ತು: ಭಾಷೆ ಅಂದರೆ ಫಾಂಟು. ಮದುವೆ ಪತ್ರಿಕೆಗೆ ಕನ್ನಡ ಬೇಕೇ, ಕನ್ನಡ ಫಾಂಟು. ತೆಲುಗಿನವರು ಬಂದರೇ, ತೆಲುಗು ಫಾಂಟು. ಲೋಕದ ಭಾಷೆಗಳೆಲ್ಲ ಒಂದೇ ಮೈಗೆ ತೊಡಿಸುವ ಬೇರೆ ಬೇರೆ ಅಂಗಿಗಳು. ಅಣಕ ಮಾಡುವವನಿಗೆ ಈ ಸಿದ್ಧಾಂತ ಇನ್ನೂ ಹಿತ. ಅದರಂತೆ ಜಪಾನಿ ಫಾಂಟೊಂದನ್ನು ಇಳಿಸಿ, ಮೂರನೇ ನಂಬರಿನ ಯಂತ್ರಕ್ಕೆ ತೊಡಿಸಿ, “ಬರೀರಿ ಸಾಹೇಬ್ರ” ಎಂದು ಕುರ್ಚಿ ಎಳೆದುಕೊಟ್ಟೆ. ಅವರು ಟೈಪಿಸಿದರು. ತೆರೆಯ ಮೇಲೆ ಮತ್ತೆ ಇಂಗ್ಲಿಷೇ ಬಂತು, ಸ್ವಲ್ಪ ತೆಳ್ಳಗೆ, ಮುದ್ದಾಗಿ.

ಒಕಾಡಾ ಸಾಹೇಬರು ನೋವಾಗದಂತೆ ಹೇಳಿದರು: “ವೆರಿ ಬ್ಯೂಟಿಫುಲ್ ಇಂಗ್ಲಿಷ್.”

ಫಾಂಟಿನಿಂದ ಒಂದು ಉಪಕಾರವಾಯಿತು. ಅದುವರೆಗೆ ಅವರ ಮೇಲ್‌ಪೆಟ್ಟಿಗೆಯಲ್ಲಿ ಖಾಲಿ ಚೌಕಗಳಾಗಿ ಕಾಣುತ್ತಿದ್ದದ್ದು ಅಕ್ಷರಗಳಾಗಿ ಅರಳಿತು. ತಂದೆಯ ಪತ್ರ. ಸಾಹೇಬರು ಓದಿದರು, ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ನನಗೆ ಅರ್ಥ ಹೇಳಿದರು: ‘ನೀನು ಬರೆಯದೆ ನಾನು ಆಸ್ಪತ್ರೆಗೆ ಹೋಗುವುದಿಲ್ಲ.’ ಓದಲು ಬಂತು, ಉತ್ತರ ಕೊಡಲು ಬಾರದು. ಇದಕ್ಕಿಂತ ಚೌಕಗಳೇ ವಾಸಿಯಾಗಿದ್ದವು.

ಜಪಾನಿನ ಗಡಿಯಾರ ನಮಗಿಂತ ಮುಂದೆ. ನಮ್ಮಲ್ಲಿ ಸಂಜೆಯ ಚಹಾ ಕುದಿಯುವಾಗ ಅಲ್ಲಿ ಮುದುಕರು ಹಾಸಿಗೆ ಬಿಚ್ಚುತ್ತಿರುತ್ತಾರೆ. ಕಂಪ್ಯೂಟರಿನೊಳಗೆ ಹುಡುಕಿದಾಗ ಪೂರ್ವದೇಶದ ಭಾಷೆಗಳನ್ನು ಬರೆಯುವ ವ್ಯವಸ್ಥೆ ಬೇರೆಯೇ ಇದೆಯೆಂದೂ, ಅದಕ್ಕೆ ಮೂಲ ಸೀಡಿ ಬೇಕೆಂದೂ ತಿಳಿಯಿತು. ನಮ್ಮ ಭಾಗದ ಅಂಗಡಿಗಳಿಗೆಲ್ಲ ಇದ್ದದ್ದು ಒಂದೇ ಸೀಡಿ. ಊರಿಗೊಬ್ಬನೇ ಪುರೋಹಿತನಿದ್ದ ಹಾಗೆ ಅದು ಕರೆದವರ ಮನೆಗೆ ಹೋಗಿ ಬರುತ್ತಿತ್ತು. ವಿಚಾರಿಸಿದರೆ, ಅಂದು ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಬೀಡುಬಿಟ್ಟಿತ್ತು. ಗಿರಣಿಯ ಗುಮಾಸ್ತ ಅದನ್ನು ಪೇಪರಿನಲ್ಲಿ ಸುತ್ತಿ ಬಸ್ಸಿನ ಕಂಡಕ್ಟರನ ಕೈಗಿತ್ತ. ನಾನು ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಅಳಿಯನನ್ನು ಕಾಯುವ ಮಾವನಂತೆ ಕಾದು ಇಳಿಸಿಕೊಂಡೆ.

ಸೀಡಿ ನುಂಗಿದ ಯಂತ್ರ ಗುರುಗುಟ್ಟಿ, ಎಲ್ಲ ಆಯಿತು, ಒಮ್ಮೆ ಆರಿಸಿ ಹೊತ್ತಿಸಿ ಎಂದಿತು. ಹಾಗೇ ಮಾಡಿದೆ. ಎದ್ದು ಕೂತಿತು. ಜಪಾನಿ ಇಲ್ಲ. ಫಾಂಟೂ ಇಲ್ಲ. ತಂದೆಯ ಪತ್ರ ಮತ್ತೆ ಚೌಕ ಚೌಕ. ಕೈ ತಪ್ಪಿರಬೇಕೆಂದು ಮೊದಲಿನಿಂದ ಹಾಕಿದೆ. ಮತ್ತೆ ಆರಿಸು ಎಂದಿತು, ಮತ್ತೆ ಮಾಯ. ಆಗ ಹೊಳೆಯಿತು. ಆರಿಸದೆ ಜಪಾನಿ ಒಳಗೆ ಕೂರುವುದಿಲ್ಲ. ಆರಿಸಿದರೆ ತೋಬಾ ಸಾಫ್ಟ್‌ವೇರ್ ಅದನ್ನು ಪಾಪವೆಂದು ತೊಳೆದುಬಿಡುತ್ತದೆ! ಅಲ್ಲಿಯವರೆಗೆ ಯಾರ ಮರೆವನ್ನು ಮೆಚ್ಚಿಕೊಂಡು ಬದುಕಿದ್ದೆವೋ ಅದೇ ಯಂತ್ರದ ಮುಂದೆ ಒಬ್ಬ ಮಗ ಮಾತಿಲ್ಲದೆ ಕೂತಿದ್ದ.

ನಮಾಜಿಗೆ ಹೋಗಿದ್ದ ಚಾಚಾ ಬಂದರು.

“ಚಾಚಾ, ಆ ತೋಬಾ ಒಂದೀಟು ಬಿಚ್ಚರಿ. ಜಪಾನಿ ಹಾಕಿ ಮತ್ತ ಮುಚ್ಚಿಬಿಡ್ತೀನಿ.”

“ಆಗಂಗಿಲ್ಲ. ಇವತ್ತು ಜಪಾನಿಗೆ ಬಿಚ್ಚಿದ್ರ ನಾಳಿ ಆಟ ಆಡೋ ಹುಡುಗ್ರಿಗೆ ಬಿಚ್ಚಬೇಕು. ಹೋಗಲೇ, ಬ್ಯಾರೆ ಕೆಲ್ಸ ನೋಡು.”

ನಮ್ಮ ಕುರುಗೋಡಿನ ಏಕಶಿಲೆಯ ದೊಡ್ಡ ಬಸವಣ್ಣನನ್ನಾದರೂ ಅಲುಗಿಸಬಹುದು, ಚಾಚಾ ಅವರನ್ನಾಗದು. ಆದರೂ ಮುದುಕನ ಕಥೆಯನ್ನು ಹೇಳಿದೆ. ಆ ದಿನ ಯಾರನ್ನೂ ಅಣಕಿಸದೆ ಹೇಳಿದ್ದರಿಂದಲೋ ಏನೋ, ಚಾಚಾ ನನ್ನ ಮುಖವನ್ನೇ ನೋಡಿದರು. ನನಗೆ ಜ್ವರ ಬಂದಿದೆಯೆಂದು ತಿಳಿದಿರಬೇಕು.

“ಕಿವಿ ಕೇಳಂಗಿಲ್ಲ ಅಂತೀಯ. ನಾಳಿ ಕಣ್ಣಿಗೆ ಪಟ್ಟಿ ಕಟ್ತಾರ ಅಂತೀಯ. ಹಂಗಾದ್ರ ಆಮ್ಯಾಲೆ ಆ ಮುದುಕಪ್ಪನ್ನ ಮಗ ಹೆಂಗ ಮಾತಾಡಸ್ಬೇಕಲೇ?”

ಒಕಾಡಾ ಸಾಹೇಬರಿಗೆ ಮಾತು ತಿಳಿಯಲಿಲ್ಲ, ಆದರೂ ತಲೆ ತಗ್ಗಿಸಿದರು.

“ಸರಕೋ,” ಎಂದು ಚಾಚಾ ನನ್ನ ಕುರ್ಚಿಯಲ್ಲಿ ಕೂತರು.

ಯಂತ್ರ ಪಾಸ್‌ವರ್ಡ್ ಕೇಳಿತು. ಚಾಚಾ ಅಂಗಡಿಯ ಹೆಸರು ಒತ್ತಿದರು, ಅಲ್ಲ ಎಂದಿತು. ಸ್ಕೂಟರಿನ ನಂಬರು ಒತ್ತಿದರು; ಅದೂ ಅಲ್ಲ. ಮರೆಯುವ ಯಂತ್ರವನ್ನು ಸಾಕಿದವರು ತಾವೇ ಮರೆತಿದ್ದರು. ಗಡ್ಡ ಕೆರೆದುಕೊಂಡು ಕೂತವರ ಮುಖ ಇದ್ದಕ್ಕಿದ್ದಂತೆ ಅದಿರಿನ ಬಣ್ಣಕ್ಕೆ ತಿರುಗಿತು.

“ಇಬ್ರೂ ಗ್ವಾಡಿ ಕಡೆ ಮಾರಿ ಮಾಡ್ರಿ.”

ನಾವು ಗೋಡೆಗೆ ಮುಖ ಮಾಡಿ ನಿಂತೆವು. ಆದರೆ ಚಾಚಾ ಅವರಿಗೊಂದು ಅಭ್ಯಾಸ, ಟೈಪಿಸುವುದನ್ನು ಬಾಯಲ್ಲಿ ಹೇಳಿಕೊಳ್ಳುತ್ತಾರೆ. ಕೇಳಿಸಿಬಿಟ್ಟಿತು. ಮದುವೆಯ ಹೊಸತರಲ್ಲಿ ಚಾಚಿಯನ್ನು ಕರೆಯುತ್ತಿದ್ದ ಮುದ್ದಿನ ಹೆಸರೇ ಇರಬೇಕು. ಅಂಗಡಿಯಲ್ಲಿ ಸದಾ ಗದರುವ ಆ ಗಂಟಲಿನಲ್ಲಿ ಅಷ್ಟು ಮೆತ್ತನೆಯದೊಂದು ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಬಳ್ಳಾರಿಯ ಅರ್ಧ ಊರನ್ನು ಅಣಕಿಸಿದ್ದೇನೆ, ಆ ದನಿಯನ್ನು ಮಾತ್ರ ಇವತ್ತಿನವರೆಗೂ ಮುಟ್ಟಿಲ್ಲ. ಹೆಸರು ಏನೆಂದು ನೀವೂ ಕೇಳಬೇಡಿ.

ಬೀಗ ಬಿಚ್ಚಿತು. ಸೀಡಿ ಹಾಕಿ, ಆರಿಸಿ, ಹೊತ್ತಿಸಿದೆವು. ಕರೆಂಟು ಹೋಗದಿರಲೆಂದು ಚಾಚಾ ಸ್ವಿಚ್ಚಿನ ಬೋರ್ಡಿನ ಮುಂದೆ ದುವಾ ಕೇಳುವವರಂತೆ ನಿಂತಿದ್ದರು. ಈ ಸಲ ತೆರೆಯ ಮೂಲೆಯಲ್ಲಿ ಜಿಲೇಬಿಯಂಥ ಒಂದು ಪುಟ್ಟ ಅಕ್ಷರ ಉಳಿದಿತ್ತು.

ಜಪಾನಿ ಬರೆಯುವುದನ್ನು ನೀವು ನೋಡಬೇಕು. ಒಕಾಡಾ ಸಾಹೇಬರು ಇಂಗ್ಲಿಷ್ ಕೀಲಿಗಳಲ್ಲಿ ಬರೀ ಸದ್ದನ್ನು ಒತ್ತುತ್ತಾರೆ. ಅದು ಸುರುಳಿ ಅಕ್ಷರವಾಗುತ್ತದೆ. ಆಮೇಲೆ ಖಾಲಿ ಜಾಗದ ಉದ್ದನೆಯ ಕೀಲಿ ಒತ್ತಿದರೆ, ಬಳೆಗಾರ ಮುಂದೆ ಬಳೆ ಹರವಿದಂತೆ, ಆ ಸದ್ದಿಗೆ ಒಪ್ಪುವ ಚಿತ್ರದಂಥ ಅಕ್ಷರಗಳನ್ನೆಲ್ಲ ಯಂತ್ರ ಸಾಲಾಗಿ ತೋರಿಸುತ್ತದೆ. ಯಾವುದು ಬೇಕೋ ಬರೆಯುವವನೇ ಆರಿಸಬೇಕು. ನಾನು ನೋಡುತ್ತಾ ನಿಂತೆ. ಸದ್ದು ಮಾಡುವಷ್ಟು ನನಗೂ ಬರುತ್ತಿತ್ತು, ನನ್ನ ಬದುಕೆಲ್ಲ ಅದೇ. ಒಂದೊಂದು ಸದ್ದಿನ ಮುಂದೆ ನಿಂತು, ಅಪ್ಪನಿಗೆ ಯಾವುದು ಒಪ್ಪುತ್ತದೆಂದು ಯೋಚಿಸಿ ಆರಿಸುವುದನ್ನು ಮಾತ್ರ ನಾನು ಎಂದೂ ಮಾಡಿರಲಿಲ್ಲ.

ಕಳಿಸಿದರು. ಚಹಾ ಬಂತು, ಯಾರೂ ಕುಡಿಯಲಿಲ್ಲ. ಚಾಚಾ, “ಮಲಗಿರ್ತಾರೇನೋ ಪಾಪ,” ಎಂದರು. ಅಷ್ಟರಲ್ಲಿ ಉತ್ತರ ಬಂದೇಬಿಟ್ಟಿತು. ತೆರೆಯ ತುಂಬ ಅಕ್ಷರ. ಒಕಾಡಾ ಸಾಹೇಬರು ಓದುತ್ತಾ ಓದುತ್ತಾ ಕುರ್ಚಿಯಲ್ಲಿ ಸಣ್ಣವರಾಗತೊಡಗಿದರು.

“ಏನಂತಾರ್ರೀ?” ಎಂದೆ.

“ಫಾದರ್ ಈಸ್ ಫೈನ್,” ಎಂದರು, ಕಿವಿ ಕೆಂಪಗೆ ಮಾಡಿಕೊಂಡು.

ಚಾಚಾ ಆ ಮುಖ ನೋಡಿ ನಕ್ಕರು. “ಬೈದಾರ ನೋಡಲೇ. ಇಷ್ಟ್ ದಿನ ಎಲ್ಲಿ ಸತ್ತಿದ್ದಿ ಅಂತ ಬೈದಾರ. ಕೇಳಲೇ.”

ಕೇಳಿದೆ. ಸಾಹೇಬರು ಒಪ್ಪಿಕೊಂಡರು. ಉದ್ದಕ್ಕೂ ಬೈಗುಳ, ಕೊನೆಯ ಸಾಲಿನಲ್ಲಿ ಮಾತ್ರ, ‘ಬೆಳಿಗ್ಗೆ ಆಸ್ಪತ್ರೆಗೆ ಹೊರಡುತ್ತೇನೆ.’

“ಬೈದ್ರಂದ್ರ ಮುಗೀತ್ ಬಿಡ್ರಿ ಸಾಹೇಬ್ರ, ಇನ್ನ ಹೆದರಂಗಿಲ್ಲ ಅವ್ರು,” ಎಂದು ಚಾಚಾ ಆರಿದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು.

ನನ್ನ ನಾಲಿಗೆ ತಡೆಯಲಿಲ್ಲ. ಎಂದೂ ನೋಡದ, ಎಂದೂ ಕೇಳದ ಆ ಜಪಾನಿ ಮುದುಕನಾಗಿ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬಳ್ಳಾರಿ ಕನ್ನಡದಲ್ಲಿ ಒಕಾಡಾ ಸಾಹೇಬರನ್ನು ಬೈದೆ: “ಎಲ್ಲಿ ಹಾಳಾಗಿ ಹೋಗಿದ್ದಿಯಲೇ? ಅಪ್ಪ ಒಬ್ಬ ಅದಾನ ಅನ್ನೋದು ನೆನಪರ ಐತೇನು?”

ಈ ಸಲ ನಾಲಿಗೆ ಅತಿಯಾಯಿತೆಂದುಕೊಂಡೆ. ಸಾಹೇಬರು ಕಣ್ಣು ಒರೆಸಿಕೊಂಡು ನಗುತ್ತಿದ್ದರು. ಆದರೆ ತಲೆಯಾಡಿಸಿದರು, ಸರಿಯಾಗಿಲ್ಲ ಎನ್ನುವಂತೆ. ಎರಡೂ ಕಿವಿಗಳನ್ನು ಕೈಯಿಂದ ಮುಚ್ಚಿ ತೋರಿಸಿ, ಅಂಗೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತಿದರು.

“ಮೈ ಫಾದರ್,” ಎಂದರು, “ಮೋರ್ ಲೌಡ್.”