ಆಯುಧ ಪೂಜೆಯ ದಿನ ಸೋರಿದ ವಾಲ್ವ್

ಕಳೆದ ವರ್ಷದ ಆಯುಧ ಪೂಜೆಯ ದಿನ ನಡೆದದ್ದು ಇದು. ಭೌತಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ ನಾನು ಗೋವಾದ ಮಡಗಾಂವ್ ಹತ್ತಿರದ ಕಾರ್ಖಾನೆಯೊಂದಕ್ಕೆ ಸೇರಿ ಆಗ ಕೆಲವೇ ತಿಂಗಳಾಗಿತ್ತು. ಸೂರ್ಯನೊಳಗೆ ನಡೆಯುವಂತೆ ಪರಮಾಣುಗಳನ್ನು ಬೆಸೆದು ಶಕ್ತಿ ತೆಗೆಯುವ ರಿಯಾಕ್ಟರುಗಳಿಗೆ ನಮ್ಮಲ್ಲಿ ವಾಲ್ವ್ ತಯಾರಾಗುತ್ತವೆ. ಆ ರಿಯಾಕ್ಟರಿನೊಳಗೆ ಗಾಳಿಯ ಸುಳಿವೂ ಇರಬಾರದು. ವಾಲ್ವಿನ ಒಳಮೈಗೆ ಬೆರಳಿನ ಜಿಡ್ಡು ತಾಗಿದರೂ ಕೆಟ್ಟಿತು.

ಹೀಗಾಗಿ ಹಬ್ಬಕ್ಕೆ ಮುಂಚೆಯೇ ಗ್ಯಾಸ್ ಸಿಲಿಂಡರ್ ನೋಡಿಕೊಳ್ಳುವ ಬಸವರಾಜಣ್ಣನಿಗೆ ಹೇಳಿದ್ದೆ: ನಾನು ವಾಲ್ವ್ ಪರೀಕ್ಷಿಸುವ ಕೋಣೆಯಲ್ಲಿ ಕುಂಕುಮ ಬೇಡ, ಹೂ ಬೇಡ, ಊದುಬತ್ತಿ ಬೇಡ, ಕಾಯಿ ಒಡೆಯುವುದಂತೂ ಬೇಡವೇ ಬೇಡ.

ಅವರು ವಿಜಯಪುರದ ಕಡೆಯವರು. "ಮತ್ತೇನ ಉಳೀತ್ರಿ ಮೇಡಂ? ಕೈ ಮುಗದ ಹೊರಗ ಬರೋದಾ?" ಎಂದರು.

"ಹೌದು" ಎಂದೆ. ನನ್ನದು ಮೊದಲಿನಿಂದಲೂ ಮಾತು ಕಡಿಮೆ.

ಪೂಜೆಯ ದಿನ ಕೋಣೆಗೆ ಹೋದರೆ ನೆಲ ಥಳಥಳ ಹೊಳೆಯುತ್ತಿತ್ತು. ಮೇಜುಗಳ ಕಾಲಿಗೆಲ್ಲ ದಾರ ಕಟ್ಟಿ ಬಣ್ಣಬಣ್ಣದ ಬಲೂನುಗಳನ್ನು ಬಿಟ್ಟಿದ್ದರು. ವಾಲ್ವ್ ಒರೆಸಿ ಪ್ಯಾಕ್ ಮಾಡುವ ಶಾಂತಕ್ಕ ಹೆಮ್ಮೆಯಿಂದ, "ಧೂಳಿಲ್ಲ, ಎಣ್ಣಿಯಿಲ್ಲ, ವಾಸನಿಯಿಲ್ಲ. ನೀವು ಹೇಳಿದ್ದು ಒಂದೂ ಮೀರಿಲ್ಲ ನೋಡ್ರಿ" ಎಂದಳು. ಆಕ್ಷೇಪಿಸಲು ನನಗೇನೂ ಸಿಗಲಿಲ್ಲ.

ಅಷ್ಟರಲ್ಲಿ ಪುಣೆಯಿಂದ ಗ್ರಾಹಕರ ಇನ್‌ಸ್ಪೆಕ್ಟರ್ ಬಂದರು. ನಗುವ ಅಭ್ಯಾಸವಿಲ್ಲದ ಹಿರಿಯರು. ಅವರ ಎದುರು ಪರೀಕ್ಷೆ ಪಾಸಾದರೆ ಸಂಜೆಯೇ ವಾಲ್ವ್ ಮುರ್ಮುಗಾಂವ್ ಬಂದರಿಗೆ ಹೊರಡಬೇಕು. ಫೇಲಾದರೆ ಬಿಚ್ಚಿ, ತೊಳೆದು, ಮತ್ತೆ ಬಿಸಿಮಾಡಿ ಒಣಗಿಸಬೇಕು, ಅಲ್ಲಿಯವರೆಗೆ ಹಡಗು ಕಾಯುವುದಿಲ್ಲ. ನಾನು ಒಬ್ಬಳೇ ಹೊಣೆ ಹೊತ್ತ ಮೊದಲ ವಾಲ್ವ್ ಅದು.

ಪರೀಕ್ಷೆ ಸರಳ. ವಾಲ್ವಿನೊಳಗಿನ ಗಾಳಿಯನ್ನೆಲ್ಲ ಎಳೆದು, ಹೊರಗಿನಿಂದ ಹೀಲಿಯಂ ಅನಿಲ ಊದುತ್ತೇವೆ. ಎಲ್ಲಾದರೂ ಸೂಕ್ಷ್ಮ ರಂಧ್ರವಿದ್ದರೆ ಹೀಲಿಯಂ ಒಳನುಗ್ಗುತ್ತದೆ, ಯಂತ್ರ ಅದರ ವಾಸನೆ ಹಿಡಿದು ಕೂಗುತ್ತದೆ. ಅಂದು ನಾನು ಹೀಲಿಯಂ ಊದುವ ಮೊದಲೇ ಅದು ಕೂಗತೊಡಗಿತು.

ಇನ್‌ಸ್ಪೆಕ್ಟರ್ ಹಿಂದಿಯಲ್ಲಿ, ನಿಮ್ಮ ವಾಲ್ವ್ ಸೋರುತ್ತಿದೆ ಎಂದರು. ನಾನು ಬೋಲ್ಟುಗಳನ್ನು ಬಿಗಿಮಾಡಿದೆ, ಸೀಲುಗಳನ್ನು ಬದಲಿಸಿದೆ. ಕೂಗು ಜೋರಾಯಿತು. ಊದದ ಹೀಲಿಯಂ ಬಂದದ್ದಾದರೂ ಎಲ್ಲಿಂದ? ಸೋತು ತಲೆಯೆತ್ತಿದೆ. ಬಲೂನುಗಳೆಲ್ಲ ದಾರ ಜಗ್ಗಿಕೊಂಡು ಚಾವಣಿಯತ್ತ ನಿಗುರಿ ನಿಂತಿದ್ದವು. ಬಾಯಲ್ಲಿ ಊದಿದ ಬಲೂನು ಹಾಗೆ ನಿಲ್ಲುವುದಿಲ್ಲ.

"ಬಸವರಾಜಣ್ಣ, ಇವುಗಳಿಗೆ ಏನು ತುಂಬಿದಿರಿ?"

"ಬಾಯಿಂದ ಊದಿದ್ರ ಎಂಜಲ ಆಗತೈತಲ್ರೀ. ಪೂಜಾಕ್ಕ ಮಡಿ ಇರಲಿ ಅಂತ ನಮ್ಮ ಸ್ಟೋರಿನ್ಯಾಗ ಎಲ್ಲಕ್ಕಿಂತ ಚೊಕ್ಕ ಇರೋ ಗ್ಯಾಸ ಹಾಕೇನ್ರಿ. ಹೀಲಿಯಂ!"

ಬಲೂನಿನಿಂದ ಮೆಲ್ಲಗೆ ಹೊರಬಂದ ಹೀಲಿಯಂ ಮುಚ್ಚಿದ ಕೋಣೆಯ ತುಂಬ ಹರಡಿ, ಪರೀಕ್ಷೆಯ ಮೇಜಿನ ಕೊಳವೆಗಳನ್ನು ಜೋಡಿಸುವ ರಬ್ಬರ್ ಉಂಗುರಗಳಲ್ಲಿ ಜಿನುಗಿ ಯಂತ್ರವನ್ನು ತಲುಪುತ್ತಿತ್ತು. ವಿಷಯ ತಿಳಿದದ್ದೇ ಇನ್‌ಸ್ಪೆಕ್ಟರ್ ಸಹಾಯಕ್ಕೆಂದು ಪೆನ್ನಿನ ಮೊನೆಯನ್ನು ಒಂದು ಬಲೂನಿಗೆ ಹಿಡಿದರು.

"ಒಡೀಬ್ಯಾಡ್ರೀ!"

ಚೀರಿದ್ದು ನಾನೇ. ಮನೆಯಲ್ಲೂ ಹಾಗೆ ಚೀರಿದವಳಲ್ಲ. ಆದರೆ ಬಲೂನು ಒಡೆದರೆ ಅದರೊಳಗಿನ ಹೀಲಿಯಂ ಅಷ್ಟೂ ಒಮ್ಮೆಲೇ ಕೋಣೆಗೆ ಸೇರುತ್ತಿತ್ತು. ಅವರಿಗೆ ಕನ್ನಡ ಬಾರದಿದ್ದರೂ ಪೆನ್ನು ಜೇಬಿಗೆ ಹೋಯಿತು.

ಆಮೇಲೆ ಎಲ್ಲರೂ ಒಂದೊಂದು ಗೊಂಚಲು ಹಿಡಿದು, ಒಡೆಯದಂತೆ, ಉಸಿರೂ ಬಿಡದೆ ಸಾಲಾಗಿ ಹೊರನಡೆದೆವು. ಇನ್‌ಸ್ಪೆಕ್ಟರ್ ಪಾಲಿಗೆ ಗುಲಾಬಿ ಬಣ್ಣದವು ಬಂದವು. ಗೇಟಿನ ವಾಚ್‌ಮನ್ ಕೊಂಕಣಿಯಲ್ಲಿ, "ಕೊಣಾಚೊ ಬರ್ತ್‌ಡೇ?" ಎಂದು, ಯಾರ ಹುಟ್ಟುಹಬ್ಬವೆಂದು ಕೇಳಿದ. ಇನ್‌ಸ್ಪೆಕ್ಟರ್ ಮುಖ ಸಡಿಲಿಸದೆ, ಹಿಂದಿಯಲ್ಲೇ, "ವಾಲ್ವಿನದು" ಎಂದರು.

ಕಿಟಕಿ ಬಾಗಿಲು ತೆರೆದು, ಫ್ಯಾನು ಹಾಕಿ ಕಾದೆವು. ಯಂತ್ರ ನಿಧಾನಕ್ಕೆ ಸುಮ್ಮನಾಯಿತು. ಈಗ ವಾಲ್ವಿನ ಸುತ್ತ ಹೀಲಿಯಂ ಊದಿದೆ. ಸದ್ದೇ ಇಲ್ಲ. ಇನ್‌ಸ್ಪೆಕ್ಟರ್ ಸಹಿ ಹಾಕಿದರು. ಶಾಂತಕ್ಕ ವಾಲ್ವನ್ನು ಕೂಸಿನಂತೆ ಸುತ್ತಿ ಪೆಟ್ಟಿಗೆಗೆ ಇಳಿಸಿದಳು.

"ಇಷ್ಟ ದಿನ ನಿಮಗ ದನೀನ ಇಲ್ಲ ಅನ್ಕೊಂಡಿದ್ನಿರಿ ಮೇಡಂ," ಎಂದರು ಬಸವರಾಜಣ್ಣ.

ಆ ಚೀರಾಟ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಆದರೆ ಅಂದಿನಿಂದ ಮಧ್ಯಾಹ್ನದ ಊಟಕ್ಕೆ ಬಸವರಾಜಣ್ಣ, ಶಾಂತಕ್ಕ ಇಬ್ಬರೂ ನನ್ನನ್ನು ಕೂಗಿ ಕರೆಯುತ್ತಾರೆ, ನಾನೂ ಹೋಗುತ್ತೇನೆ. ಮೊನ್ನೆ ಜೋಳದ ರೊಟ್ಟಿ ಮುರಿಯುತ್ತ ಶಾಂತಕ್ಕ ಕೇಳಿದಳು: "ಬ್ಯಾಡ ಅನ್ನೋದು ನಮಗ ಪೂರಾ ಬಾಯಿಪಾಠ ಆಗೈತ್ರಿ. ಈ ಸಲ ಪೂಜಾಕ್ಕ ಏನ ಬೇಕು, ಅದನ್ನಾರ ಹೇಳ್ರಿ." ಇನ್ನೂ ಯೋಚಿಸುತ್ತಿದ್ದೇನೆ.