ಕಾಸಿಂಸಾಬರ ಮೊಣಕೈ

ಮೊನ್ನೆ ಹೊಸಪೇಟೆಯ ಅಂಗಡಿಯೊಂದರಲ್ಲಿ ಹೊಸ ಹತ್ತಿ ಗಾದಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಗಾದಿಯ ಮೇಲೆ ಹೋಯಿತು. ಅಂಗೈಯಲ್ಲ, ಮೊಣಕೈ. ಅಂಗಡಿಯವನು ನನ್ನನ್ನು ಒಂಥರಾ ನೋಡಿದ. ಅವನು ಏನಾದರೂ ಅಂದುಕೊಳ್ಳಲಿ, ನಿಮಗಾದರೂ ಕಾರಣ ಹೇಳುತ್ತೇನೆ.

ಅದು ಗಣಿಯ ಭರಾಟೆಯ ಕಾಲ. ಸಂಡೂರಿನಿಂದ ಅದಿರು ಹೊತ್ತ ಲಾರಿಗಳು ನಮ್ಮ ತವರುಮನೆ ಮುಂದೆ ಸಾಲುಗಟ್ಟುತ್ತಿದ್ದವು. ಬಿಳಿ ಬಟ್ಟೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು. ನಾನು ಚೊಚ್ಚಲ ಬಾಣಂತಿ. ಎರಡು ಲಾರಿ ಮಾಡಿಕೊಂಡಿದ್ದ ಅಣ್ಣ ಕೂಸಿಗೆಂದು ಫೋಮ್ ಹಾಸಿಗೆ ತಂದ. ನಮ್ಮ ಬೇಸಿಗೆಗೆ ಫೋಮ್! ಕೂಸಿನ ಬೆನ್ನೆಲ್ಲ ಬೆವರುಗುಳ್ಳೆ; ಕಣ್ಣು ಮುಚ್ಚಿದರೆ ಹಾರ್ನು, ತೆರೆದರೆ ಅಳು. ಹತ್ತು ದಿನ ಅದೂ ನೆಟ್ಟಗೆ ಮಲಗಲಿಲ್ಲ, ನಾನೂ ಮಲಗಲಿಲ್ಲ. ನನಗೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು.

ಅವ್ವ ಯಾರಿಗೂ ಹೇಳದೆ ಹೋಗಿ ಹತ್ತಿ ಹಿಂಜುವ ಕಾಸಿಂಸಾಬರನ್ನು ಕರೆತಂದಳು. ಪಡಸಾಲೆಯಲ್ಲಿ ಅವರ ಬಿಲ್ಲು ಮಿಡಿಯಿತು, ಹತ್ತಿ ಅರಳಿತು. ಅವ್ವನ ಹಳೇ ಸೀರೆಯಲ್ಲಿ ಪುಟ್ಟ ಗಾದಿ ಹೊಲಿದು, ಸಾಬರು ಅದರ ಮೇಲೆ ಇಂಚಿಂಚಿಗೂ ಮೊಣಕೈ ಊರುತ್ತ ಬಂದರು. ಒಂದು ಕಡೆ ಗಂಟು ಸಿಕ್ಕಿ ನಿಂತರು, ಹೊಲಿಗೆ ಬಿಚ್ಚಿದರು, ಮತ್ತೆ ಹಿಂಜಿದರು. ಬಿ.ಎಸ್ಸಿ. ಓದಿದ್ದ ನಾನು ಸುಮ್ಮನಿರಬೇಕಲ್ಲ.

"ಕೈ ಇಲ್ಲೇನ್ರಿ ಸಾಬ್ರ, ಮೊಣಕೈಲೆ ನೋಡ್ತೀರಿ?"

"ಅಂಗೈ ದುಡಿದು ಜಡ್ಡುಗಟ್ಟೈತಿ ತಂಗಿ, ಸುಳ್ಳು ಹೇಳ್ತೈತಿ. ಮೊಣಕೈ ಹೇಳಂಗಿಲ್ಲ." ಸೂಜಿಗೆ ದಾರ ಪೋಣಿಸುತ್ತ ಮುಂದುವರಿಸಿದರು: "ಸಣ್ಣಾಂವಿದ್ದಾಗ ಉಸ್ತಾದ್ರು ಅರಬ್ಬಿ ಕಲಿಸ್ಯಾರ. ರಿಫ್ಕ್ ಅಂದ್ರ ಮೆತ್ತಗಿರಾದು. ಮಿರ್ಫಕ್ ಅಂದ್ರ ಮೊಣಕೈ. ರಫೀಕ್ ಅಂದ್ರ ಜತಿಗಾರ. ಮೂರಕ್ಕೂ ಬೇರು ಒಂದ. ಭಾರ ಹಾಕಿದ್ರೂ ನೋಯಿಸಬಾರದು ನೋಡು, ಅದ ಮೆತ್ತಗ. ನಮ್ಮ ನದಾಫ ಅನ್ನೋ ಹೆಸರೂ ಅರಬ್ಬಿನ, ಹತ್ತಿ ಹಿಂಜಾವ ಅಂತ."

ಅಣ್ಣ ನಕ್ಕ. "ಅರಬ್ಬಿಗೆ ಕೂಸು ಮಲಗ್ತೈತೇನು?"

ಮಲಗಿತು. ಲಾರಿಗಳು ಅರಚುತ್ತಲೇ ಇದ್ದವು. ಅದು ಬಾಯಿ ತೆರೆದುಕೊಂಡು ಸಂಜೆವರೆಗೆ ಮಲಗಿತು. ನಾನು ಖುಷಿಗೆ ಅತ್ತುಬಿಟ್ಟೆ. ಅವ್ವ ಅಣ್ಣನೆದುರು ಕುಸ್ತಿ ಗೆದ್ದ ಪೈಲ್ವಾನನ ಹಾಗೆ ಓಡಾಡಿದಳು. ವಾರದೊಳಗೆ ಎರಡೂ ಲಾರಿಯ ಸೀಟಿಗೆ ಸಾಬರ ಗಾದಿ ಬಂತು.

ಮೊನ್ನೆ ಅಂಗಡಿಯಲ್ಲಿ ಪಕ್ಕದಲ್ಲಿದ್ದವಳು ಹಾಸ್ಟೆಲಿಗೆ ಹೊರಟ ಮಗಳು, ಅದೇ ಕೂಸು. ಅವಳೂ ತೋಳು ಮಡಚಿ ಊರಿದಳು. "ಗಂಟು ಅದಾವವ್ವ, ಬ್ಯಾಡ. ಕಾಸಿಂ ತಾತನ ಮನಿಗೆ ನಡಿ."

ಸಾಬರಿಗೆ ಈಗ ವಯಸ್ಸಾಗಿದೆ, ಹಿಂಜುವವಳು ಅವರ ಮಗಳು. ಆದರೆ ಕೊನೆಯ ಪರೀಕ್ಷೆ ಇನ್ನೂ ಅವರದೇ. ನಮ್ಮ ಗಾದಿ ಸಿದ್ಧವಾದ ದಿನ ಮಾತ್ರ ಮೊಣಕೈ ಊರದೆ ಚಾಪೆಯಿಂದ ಪಕ್ಕಕ್ಕೆ ಸರಿದು ನನ್ನ ಮಗಳನ್ನು ಕರೆದರು.

"ಬಾ ರಫೀಕಾ, ಇವತ್ತ ನೀನ ಹೇಳು."

ಅವಳು ಇಂಚಿಂಚಿಗೂ ಊರಿದಳು. ಸಾಬರು ಉಸಿರು ಬಿಗಿಹಿಡಿದು ಕಾದರು.

"ಮಸ್ತ್ ಐತಿ, ತಾತ."